ಒಂಬತ್ತು ಗಂಟೆಯ ದುಡ್ಡು

ಮಾರ್ಚ್ ತಿಂಗಳ ಕೊನೆಯ ಗುರುವಾರ, ಸಂಜೆ ನಾಲ್ಕೂವರೆ. ಬೆಳ್ಳಂದೂರಿನ ಬಳಿ ಹೊರವರ್ತುಲ ರಸ್ತೆಗೆ ಮುಖ ಮಾಡಿದ ಕಟ್ಟಡದ ಏಳನೇ ಮಹಡಿಯಲ್ಲಿ ನೀವು ಕೂತಿದ್ದೀರಿ. ಮೆಷಿನ್ ಕಾಫಿ ಎಂದಿನಂತೆ ಕೆಟ್ಟದಾಗಿದೆ. ಕೆಳಗೆ ಮೆಟ್ರೊ ಕಂಬಗಳ ಪಕ್ಕ ಕಂಪನಿ ಕ್ಯಾಬುಗಳು ಈಗಲೇ ಸಾಲುಗಟ್ಟಿವೆ. ಇನ್ನೊಂದು ಗಂಟೆ ತಡಮಾಡಿದರೆ ಮನೆ ಸೇರುವುದು ಎಂಟೂವರೆಗೆ. ಎದುರಿನ ಲ್ಯಾಪ್‌ಟಾಪಿನಲ್ಲಿ ಅಪ್ರೈಸಲ್ ಫಾರ್ಮ್ ತೆರೆದಿದೆ. ಸೋಮವಾರದೊಳಗೆ ತುಂಬಿ ಕಳಿಸಿ ಎಂದು ಎಚ್‌ಆರ್ ಕಡೆಯಿಂದ ಮತ್ತೊಂದು ಮೇಲ್ ಬಂದಿದೆ.

ಮೊದಲ ಭಾಗ ಸಲೀಸು. ವರ್ಷದಲ್ಲಿ ಏನೇನು ಬಿಡುಗಡೆಯಾಯಿತು, ಯಾವ ಅಂಕಿ ಎಷ್ಟು ಏರಿತು ಎಂಬುದಷ್ಟೇ. ನೀವು ಪ್ರಾಡಕ್ಟ್ ಮ್ಯಾನೇಜರ್, ಅಂಕಿಗಳ ಜೊತೆಗೇ ಸಂಸಾರ ಮಾಡುವವರು. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಬಂದ ದುಡ್ಡನ್ನು ಕನ್ನಡದಲ್ಲಿ ಕೂಗಿ ಹೇಳುವ ಸೌಂಡ್‌ಬಾಕ್ಸ್ ಇದೆಯಲ್ಲ, ಅಂಥದ್ದೊಂದು ಡಬ್ಬಿ ಮತ್ತು ಅದರ ಜೊತೆಗಿನ ಆ್ಯಪ್ ನಿಮ್ಮ ಸುಪರ್ದಿಯಲ್ಲಿದೆ. ವ್ಯಾಪಾರಿ ಆ ಆ್ಯಪ್ ತೆರೆದಾಗ ಮೊದಲು ಕಾಣುವ ಬಟನ್ ಯಾವ ಬಣ್ಣದ್ದಿರಬೇಕು ಎಂದು ನಿಮ್ಮ ತಂಡ ಒಂದು ವಾರ ಜಗಳವಾಡಿದೆ.

ಕೊನೆಯ ಪ್ರಶ್ನೆಗೆ ಬಂದಾಗ ಕೈ ನಿಲ್ಲುತ್ತದೆ. 'ಮುಂದಿನ ಮೂರು ವರ್ಷಗಳಿಗೆ ನಿಮ್ಮ ವೃತ್ತಿ ಬೆಳವಣಿಗೆಯ ಯೋಜನೆ ಏನು?' ಪಕ್ಕದ ಟ್ಯಾಬಿನಲ್ಲಿ ಆ್ಯಪಿನ ಇಡೀ ವರ್ಷದ ರೋಡ್‌ಮ್ಯಾಪ್ ಇದೆ. ಯಾವ ಕೆಲಸಕ್ಕೆ ಎಷ್ಟು ಎಂಜಿನಿಯರುಗಳು ಬೇಕು, ಯಾವುದು ತಪ್ಪಿದರೆ ಯಾವುದನ್ನು ಕೈಬಿಡಬೇಕು ಎಂಬುದೂ ಅದರಲ್ಲಿದೆ. ನಿಮ್ಮ ಬಗ್ಗೆ ಮಾತ್ರ ಎಲ್ಲೂ ಒಂದು ಸಾಲು ಬರೆದಿಟ್ಟಿಲ್ಲ. 'ಸೀನಿಯರ್ ಹುದ್ದೆಯಿಂದ ಗ್ರೂಪ್ ಪ್ರಾಡಕ್ಟ್ ಮ್ಯಾನೇಜರ್ ಹುದ್ದೆಗೆ' ಎಂದು ಟೈಪ್ ಮಾಡುತ್ತೀರಿ. ಓದಿ ನಿಮಗೇ ಬೇಸರವಾಗಿ ಅಳಿಸುತ್ತೀರಿ.

ಎಚ್‌ಆರ್ ಕಳಿಸಿದ ಹಂತಗಳ ಪಟ್ಟಿ ತೆರೆದು ನೋಡುತ್ತೀರಿ. ಅಸೋಸಿಯೇಟ್, ಪ್ರಾಡಕ್ಟ್ ಮ್ಯಾನೇಜರ್, ಸೀನಿಯರ್, ಗ್ರೂಪ್, ಡೈರೆಕ್ಟರ್, ವಿ.ಪಿ. ನಿಮ್ಮ ಹಂತದವರು 'ಸಂಕೀರ್ಣ ಸಮಸ್ಯೆಗಳನ್ನು ಸ್ವತಂತ್ರವಾಗಿ ನಿಭಾಯಿಸುತ್ತಾರೆ'. ಮೇಲಿನ ಹಂತದವರು 'ಅತ್ಯಂತ ಸಂಕೀರ್ಣ ಸಮಸ್ಯೆಗಳನ್ನು ಸ್ವತಂತ್ರವಾಗಿ ನಿಭಾಯಿಸುತ್ತಾರೆ'. ಇಂಥ ಪಟ್ಟಿಗಳನ್ನು ನಾನು ಬೇರೆ ಬೇರೆ ಕಡೆ ನೋಡಿದ್ದೇನೆ. ಒಂದು ಕಂಪನಿಯದನ್ನು ಇನ್ನೊಂದಕ್ಕೆ ಕೊಟ್ಟರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಸಂಬಳ ನಿಗದಿ ಮಾಡುವವರಿಗೆ ಅದು ಬೇಕು, ಬೇಡವೆನ್ನುವುದಿಲ್ಲ. ಆದರೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಫಾರ್ಮನ್ನು ಬದಿಗಿಟ್ಟು ಕ್ಯಾಲೆಂಡರ್ ತೆರೆಯಿರಿ. ಮುಂದಿನದಲ್ಲ, ಕಳೆದ ತಿಂಗಳಿನದು. ಸ್ಟ್ಯಾಂಡಪ್, ಸ್ಪ್ರಿಂಟ್ ಪ್ಲಾನಿಂಗ್, ಡಿಸೈನ್ ರಿವ್ಯೂ, ಮಾರ್ಕೆಟಿಂಗ್‌ನವರ ಜೊತೆ 'ಸಿಂಕ್', ಆ ಸಿಂಕ್‌ಗೆ ತಯಾರಾಗಲು ಇನ್ನೊಂದು ಸಿಂಕ್. ಒಂದೊಂದನ್ನೇ ಒತ್ತಿ, ಅಲ್ಲಿ ನೀವು ಏನನ್ನು ತೀರ್ಮಾನಿಸಿದಿರಿ ಎಂದು ಕೇಳಿಕೊಳ್ಳಿ. ಎಂಜಿನಿಯರಿಂಗ್‌ನವರು ಹೇಳಿದ್ದನ್ನು ಮಾರಾಟದವರಿಗೆ ಹೇಳಿದಿರಿ. ಮಾರಾಟದವರ ಸಿಟ್ಟನ್ನು ಸ್ವಲ್ಪ ಸೋಸಿ ಎಂಜಿನಿಯರಿಂಗ್‌ಗೆ ದಾಟಿಸಿದಿರಿ. ಡೈರೆಕ್ಟರ್ ಆಗಲೇ ಮನಸ್ಸು ಮಾಡಿದ್ದ ವಿಷಯಕ್ಕೆ ಚೆಂದದ ಸ್ಲೈಡು ಮಾಡಿದಿರಿ. ಇದು ನನ್ನ ತೀರ್ಮಾನ, ತಪ್ಪಾದರೆ ನನ್ನನ್ನು ಕೇಳಿ ಎನ್ನಬಹುದಾದದ್ದು ಇಡೀ ತಿಂಗಳಲ್ಲಿ ಬೆರಳೆಣಿಕೆಯಷ್ಟು. ಅದರಲ್ಲೂ ಒಂದು ಆ ಬಟನ್ನಿನ ಬಣ್ಣ.

ಈ ಹೊತ್ತಿಗೇ ಫೋನು ಮಿನುಗುತ್ತದೆ. ಲಿಂಕ್ಡ್‌ಇನ್‌ನಲ್ಲಿ ರಿಕ್ರೂಟರ್ ಒಬ್ಬರ ಸಂದೇಶ. ವಿದೇಶಿ ಕಂಪನಿಯೊಂದರ ಬೆಂಗಳೂರು ಕೇಂದ್ರ, ಹುದ್ದೆಯ ಹೆಸರು ಪ್ರಿನ್ಸಿಪಲ್ ಪ್ರಾಡಕ್ಟ್ ಮ್ಯಾನೇಜರ್, ಈಗಿನ ಸಂಬಳದ ಮೇಲೆ ಅರ್ಧದಷ್ಟು ಹೆಚ್ಚು. ನೀವು ಫೋನನ್ನು ಮಗುಚಿ ಇಡುತ್ತೀರಿ. ಎರಡು ನಿಮಿಷದ ನಂತರ ಮತ್ತೆ ತಿರುಗಿಸಿ ಓದುತ್ತೀರಿ.

ನೀವು ಕ್ಯಾಬಿನಲ್ಲಿ ಸಿಲ್ಕ್ ಬೋರ್ಡ್ ದಾಟುವ ತನಕ ಸಮಯವಿದೆ. ಅಷ್ಟರಲ್ಲಿ ನಿಮ್ಮ ಹುದ್ದೆ ಹುಟ್ಟಿದ ಜಾಗಕ್ಕೆ ಒಮ್ಮೆ ಹೋಗಿ ಬರೋಣ.

1931ರ ಮೇ 13. ಅಮೆರಿಕದ ಓಹಾಯೊ ರಾಜ್ಯದ ಸಿನ್ಸಿನಾಟಿ, ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯ ಕಚೇರಿ. ಆರ್ಥಿಕ ಕುಸಿತದ ಕಾಲ. ಹೊಸಬರನ್ನು ಸೇರಿಸಿಕೊಳ್ಳಿ ಎಂದು ಕೇಳುವುದಕ್ಕೇ ಧೈರ್ಯ ಬೇಕು. ನೀಲ್ ಮೆಕ್ಎಲ್ರಾಯ್ ಎಂಬ 26 ವರ್ಷದ ಯುವಕ ಮೇಲಿನವರಿಗೆ ಟಿಪ್ಪಣಿಯೊಂದನ್ನು ಬರೆಯುತ್ತಿದ್ದಾನೆ. ಅವನ ಕೈಯಲ್ಲಿರುವುದು ಕ್ಯಾಮೇ ಎಂಬ ಸೋಪಿನ ಜಾಹೀರಾತು. ಅದೇ ಕಂಪನಿಯ ಐವರಿ ಸೋಪು ಮನೆಗೆ ಹಿರಿಮಗ. ಎಲ್ಲರ ಗಮನ, ದುಡ್ಡು ಅದಕ್ಕೇ. ತನಗೆ ಇಬ್ಬರು ಬೇಕು ಎನ್ನುವುದಕ್ಕೆ ಸಮರ್ಥನೆಯಾಗಿ ಅವನು ಆ ಇಬ್ಬರು ಮಾಡಬೇಕಾದ ಕೆಲಸವನ್ನು ವಿವರಿಸುತ್ತಾನೆ. ಸರಕು ಯಾವ ಪ್ರಾಂತಕ್ಕೆ ಎಷ್ಟು ಹೋಗುತ್ತಿದೆ ನೋಡಬೇಕು. ಎಲ್ಲಿ ಸೊರಗಿದೆಯೋ ಅಲ್ಲಿಗೆ ಖುದ್ದು ಹೋಗಿ ವ್ಯಾಪಾರಿಗಳ ಹತ್ತಿರ ಮಾತಾಡಬೇಕು. ಕಾರಣ ಹುಡುಕಿ, ಉಪಾಯ ಮಾಡಿ, ಅದಕ್ಕೆ ಬೇಕಾದ ಹಣ ಕೇಳಿ, ಕೊನೆಗೆ ಫಲವೇನಾಯಿತೆಂದು ಅಳೆಯಬೇಕು. ಮೂರು ಪುಟದ ಆ ಟಿಪ್ಪಣಿಯಿಂದಲೇ ಬ್ರ್ಯಾಂಡ್ ಮ್ಯಾನೇಜರ್ ಎಂಬ ಕೆಲಸ ಹುಟ್ಟಿತು. ಮುಂದೆ ಕಂಪ್ಯೂಟರ್ ಕಂಪನಿಗಳ ಕೈಗೆ ಬಂದು ಪ್ರಾಡಕ್ಟ್ ಮ್ಯಾನೇಜರ್ ಆಯಿತು.

ಮೆಕ್ಎಲ್ರಾಯ್ 1925ರಲ್ಲಿ ಅದೇ ಕಂಪನಿಯ ಜಾಹೀರಾತು ವಿಭಾಗದಲ್ಲಿ ಟಪಾಲು ವಿಂಗಡಿಸುವ ಕೆಲಸಕ್ಕೆ ಸೇರಿದ್ದವನು. 1948ರಲ್ಲಿ ಅದರ ಅಧ್ಯಕ್ಷನಾದ. 1957ರಲ್ಲಿ ಐಸೆನ್‌ಹೋವರ್ ಸರ್ಕಾರದಲ್ಲಿ ರಕ್ಷಣಾ ಕಾರ್ಯದರ್ಶಿ. ಅಂದಿನ ಟಿಪ್ಪಣಿಯಲ್ಲಿ ಅವನು ತನಗೆ ಯಾವ ಹುದ್ದೆಯನ್ನೂ ಕೇಳಿರಲಿಲ್ಲ. ಯಾರೂ ಹೊರದ ಒಂದು ಜವಾಬ್ದಾರಿ ಹೀಗೆ ಬಿದ್ದಿದೆ, ಅದನ್ನು ಹೊರಲು ಜನ ಬೇಕು ಎಂದಷ್ಟೇ ಬರೆದಿದ್ದ. ನನಗಂತೂ ಈ ವೃತ್ತಿಯಲ್ಲಿ ಬೆಳವಣಿಗೆಯ ಯೋಜನೆ ಎಂದರೆ ಇಷ್ಟೇ ಎನ್ನಿಸುತ್ತದೆ. ಮುಂದಿನ ಹುದ್ದೆ ಯಾವುದು ಎಂಬುದಕ್ಕಿಂತ ಮೊದಲು, ಮುಂದಿನ ನಿರ್ಧಾರ ಯಾವುದು, ಅದನ್ನು ನನ್ನ ಕೈಗೆ ಕೊಡುವಷ್ಟು ನಂಬಿಕೆ ಯಾರಿಗೆ ಬರಬೇಕು, ಅದರ ಫಲ ಕಾಣುವ ತನಕ ನಾನು ಅಲ್ಲಿರುತ್ತೇನೆಯೇ ಎಂದು ಕೇಳಿಕೊಳ್ಳಬೇಕು.

ಹಾಗಾದರೆ ನಿಮ್ಮ ಮುಂದಿನ ನಿರ್ಧಾರ ಯಾವುದು? ಮೀಟಿಂಗ್ ರೂಮಿನಲ್ಲಿ ಕೂತು ಇದಕ್ಕೆ ಉತ್ತರ ಹುಡುಕಬೇಡಿ. ಶುಕ್ರವಾರ ಕಸ್ಟಮರ್ ಕೇರ್‌ನ ದೂರುಗಳ ಪಟ್ಟಿ ತೆರೆದು, 'ಪರಿಹರಿಸಲಾಗಿದೆ' ಎಂದು ಮುಚ್ಚಿದ ಮೇಲೂ ಮತ್ತೆ ಮತ್ತೆ ಬರುವ ದೂರುಗಳನ್ನು ಹುಡುಕುತ್ತೀರಿ. ಒಂದೇ ನಂಬರಿನಿಂದ ಸಾಲು ಸಾಲು ಕರೆ. ಬೆಂಗಳೂರಿನದೇ ಶ್ರೀನಗರದಲ್ಲಿ ತರಕಾರಿ ಅಂಗಡಿ ಇಟ್ಟಿರುವ ಅಮ್ಮನದು. 'ದುಡ್ಡು ಬಂದಿಲ್ಲ.' ಪ್ರತಿ ಸಲವೂ ನಿಮ್ಮವರ ಉತ್ತರ ಒಂದೇ: 'ನಿಯಮದಂತೆ ಬೆಳಿಗ್ಗೆ 9ರೊಳಗೆ ಜಮಾ ಆಗಿದೆ.' ಡ್ಯಾಶ್‌ಬೋರ್ಡ್ ನೋಡಿದರೆ ಸೆಟಲ್‌ಮೆಂಟ್, ಅಂದರೆ ವ್ಯಾಪಾರಿಗಳ ಖಾತೆಗೆ ಹಣ ಜಮಾ ಮಾಡಿದ ಪಟ್ಟಿ, ಪೂರ್ತಿ ಹಸಿರು. ಹಾಗಾದರೆ ಆ ಅಮ್ಮನ ತಕರಾರೇನು? ಫೋನ್ ಮಾಡಿ ಕೇಳಿದರೆ, ನಾಳೆ ಬೆಳಗಿನ ಜಾವ ಮಾರ್ಕೆಟ್ಟಿಗೇ ಬನ್ನಿ ಎನ್ನುತ್ತಾರೆ.

ಶನಿವಾರ ಬೆಳಗಿನ ಜಾವ ನಾಲ್ಕೂಕಾಲು. ನೀವು ಕಲಾಸಿಪಾಳ್ಯದ ತರಕಾರಿ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗ ಹುಡುಕುತ್ತಿದ್ದೀರಿ. ಕೆಳಗೆ ಕೋಸಿನ ಸಿಪ್ಪೆ, ಕೆಸರು, ಒಡೆದ ಟೊಮೆಟೊ. ತಲೆಯ ಮೇಲೆ ಮೂಟೆ ಹೊತ್ತ ಹಮಾಲಿ 'ಸೈಡ್, ಸೈಡ್' ಎನ್ನುತ್ತಾ ನಿಮ್ಮ ಭುಜಕ್ಕೆ ಉಜ್ಜಿಕೊಂಡೇ ಹೋಗುತ್ತಾನೆ. ಬಲ್ಬಿನ ಬೆಳಕಿನಲ್ಲಿ ಬೀನ್ಸ್ ರಾಶಿ, ಅದರಾಚೆ ನವಿಲುಕೋಸು, ಕೊತ್ತಂಬರಿ ಕಟ್ಟುಗಳ ಘಾಟು. ಶ್ರೀನಗರದ ಅಮ್ಮ ನಿಮಗಿಂತ ಮೊದಲೇ ಬಂದಿದ್ದಾರೆ. ಸ್ವೆಟರಿನ ಮೇಲೆ ಸೆರಗು ಬಿಗಿದು, ಬೀನ್ಸನ್ನು ಮುರಿದು ನೋಡಿ ಬಿಸಾಕುತ್ತಿದ್ದಾರೆ.

"ಕಂಪ್ನಿಯವ್ರಾ? ಬನ್ನಿ ಬನ್ನಿ. ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು, ಕಣ್ಣಲ್ಲೇ ನೋಡ್ಬಿಡಿ."

ಹತ್ತು ಕೇಜಿ ಬೀನ್ಸ್, ಎರಡು ಬಾಕ್ಸ್ ಟೊಮೆಟೊ, ಹದಿನೈದು ಕೇಜಿ ಈರುಳ್ಳಿ. ಲೆಕ್ಕ ಬಾಯಲ್ಲೇ ಆಗುತ್ತದೆ. ಮಂಡಿಯವನು ಕ್ಯೂಆರ್ ಕೋಡಿನ ರಟ್ಟು ಮುಂದೆ ಹಿಡಿಯುತ್ತಾನೆ. ಅಮ್ಮ ಫೋನು ತೆಗೆದು ಖಾತೆಯ ಬ್ಯಾಲೆನ್ಸ್ ನೋಡಿ ನಿಮ್ಮ ಮುಖಕ್ಕೆ ಹಿಡಿಯುತ್ತಾರೆ. ನಿನ್ನೆ ಸಂಜೆಯಿಂದ ರಾತ್ರಿ ಹತ್ತರವರೆಗೆ, ಆಫೀಸು ಮುಗಿಸಿ ಬಂದವರೆಲ್ಲ ತರಕಾರಿ ಕೊಂಡು ಸ್ಕ್ಯಾನ್ ಮಾಡಿ ಹೋದ ದುಡ್ಡು ಅದರಲ್ಲಿಲ್ಲ. ಅದು ಬರುವುದು ಒಂಬತ್ತಕ್ಕೆ.

"ದುಡ್ಡು ಬರಲ್ಲ ಅಂತ ನಾನ್ ಎಲ್ ಹೇಳ್ದೆ? ಬರ್ತದೆ. ಒಂಬತ್ ಗಂಟೆಗೆ ನಾನು ಅಂಗ್ಡೀಲಿ ಕೂತಿರ್ತೀನಿ. ಆಗ ಬಂದ್ರೆ ಈ ಮಾರಾಯನಿಗೆ ಏನ್ ಕೊಡ್ಲಿ?"

ಮಂಡಿಯವನು ನಗುತ್ತಾ ಚೀಟಿ ಬರೆಯುತ್ತಾನೆ. ಅರ್ಧಕ್ಕೆ ದುಡ್ಡು, ಅರ್ಧ ಸಾಲ. ಸಾಲವೆಂದರೆ ಬಡ್ಡಿಯ ಮಾತಿಲ್ಲ. ಕೇಜಿಗೆ ಎರಡು ರೂಪಾಯಿ ಜಾಸ್ತಿ ಹಾಕುತ್ತಾನೆ, ಅಷ್ಟೆ. ಆ ಚೀಟಿಯನ್ನು ಅಮ್ಮ ಮಡಚಿ ಫೋನಿನ ಕವರಿನೊಳಗೆ ತುರುಕುತ್ತಾರೆ. ಅದರೊಳಗೆ ಆಗಲೇ ಅಂಥ ಚೀಟಿಗಳ ಒಂದು ಕಂತೆ ಇದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಬೋರ್ಡು ನೇತಾಡಿತ್ತಲ್ಲ, ಆಗ ತಾನೂ ಸ್ಟಿಕ್ಕರ್ ಕಿತ್ತು ಹಾಕಿದ್ದಾಗಿ ಅಮ್ಮ ಹೇಳುತ್ತಾರೆ. "ಆ ಒಂದ್ ತಿಂಗ್ಳು ಸಾಲ ಮಾಡಿಲ್ಲ ನೋಡಿ. ಕೈಯಲ್ಲಿ ರಾತ್ರೀನೇ ದುಡ್ಡಿರ್ತಿತ್ತು." ಆ ತಿಂಗಳು ವಹಿವಾಟು ಕುಸಿದದ್ದಕ್ಕೆ ನಿಮ್ಮ ಆಫೀಸಿನಲ್ಲಿ ತೆರಿಗೆ ಭಯವೊಂದನ್ನೇ ಕಾರಣವಾಗಿ ಬರೆದುಕೊಂಡಿದ್ದರು.

ಮನೆಗೆ ಬಂದು ಸ್ನಾನ ಮಾಡಿ ಲ್ಯಾಪ್‌ಟಾಪ್ ತೆರೆಯುತ್ತೀರಿ. ಒಂಬತ್ತು ಗಂಟೆ ಎಂದು ಯಾರು, ಯಾವಾಗ ಹೇಳಿದ್ದು? ಹಳೇ ಫೋಲ್ಡರುಗಳನ್ನು ಕೆದಕಿದರೆ 2019ರ ಶುರುವಿನ ದಾಖಲೆಯೊಂದು ಸಿಗುತ್ತದೆ. ಆಗ ನೆಫ್ಟ್ ಮೂಲಕ ಹಣ ಕಳಿಸುವುದು ಬ್ಯಾಂಕಿನ ಕೆಲಸದ ದಿನಗಳಲ್ಲಿ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಮಾತ್ರ ಸಾಧ್ಯವಿತ್ತು. ಎಂಟಕ್ಕೆ ಮೊದಲ ಕಂತು ಹೋದರೆ ಒಂಬತ್ತರೊಳಗೆ ವ್ಯಾಪಾರಿಗೆ ಜಮಾ. ಆ ಕಾಲಕ್ಕೆ ಸರಿಯಾದ ಲೆಕ್ಕ. ಅದೇ ವರ್ಷ ಡಿಸೆಂಬರ್ 16ರಿಂದ ರಿಸರ್ವ್ ಬ್ಯಾಂಕು ನೆಫ್ಟನ್ನು ಹಗಲೂ ರಾತ್ರಿ, ರಜೆಯ ದಿನವೂ ಅರ್ಧ ಗಂಟೆಗೊಮ್ಮೆ ನಡೆಯುವಂತೆ ಮಾಡಿತು. ಗೋಡೆ ಬಿದ್ದುಹೋಗಿ ಇಷ್ಟು ವರ್ಷವಾದರೂ ನಿಮ್ಮ ಕಂಪನಿಯ ಒಂಬತ್ತು ಗಂಟೆ ನಿಂತೇ ಇದೆ.

ದಾಖಲೆ ಬರೆದವರ ಹೆಸರಿನ ಪಕ್ಕ ಈಗ 'ಮಾಜಿ ಉದ್ಯೋಗಿ' ಎಂದಿದೆ. ಒಂದೂವರೆ ವರ್ಷ ಇದ್ದು, ಒಳ್ಳೇ ಹೈಕ್ ಸಿಕ್ಕಿ ಹೋದವರು. ಅವರ ನಂತರ ಬಂದವರೂ ಹಾಗೇ. ಯಾರೂ ತಪ್ಪು ಮಾಡಲಿಲ್ಲ. ಒಂಬತ್ತು ಯಾಕೆ ಎಂದು ಗೊತ್ತಿದ್ದವರು ಮಾತ್ರ ಯಾರೂ ಉಳಿಯಲಿಲ್ಲ. ನಮ್ಮ ಊರಿನ ಈ ವೃತ್ತಿಯ ದೊಡ್ಡ ರೋಗ ಇದೇ ಎಂದು ನನ್ನ ಅನಿಸಿಕೆ. ಸೆಟಲ್‌ಮೆಂಟ್, ದರ, ಸಾಲ ಕೊಡುವ ನಿಯಮ, ಇಂಥ ದೊಡ್ಡ ನಿರ್ಧಾರಗಳ ಫಲ ಕಾಣಲು ವರ್ಷ ಬೇಕು, ಕೆಲವಕ್ಕೆ ಎರಡು. ಅಷ್ಟರಲ್ಲಿ ನಿರ್ಧರಿಸಿದವರು ಇನ್ನೆಲ್ಲೋ ಇನ್ನೇನೋ ನಿರ್ಧರಿಸುತ್ತಿರುತ್ತಾರೆ. ರೆಸ್ಯೂಮೆಯಲ್ಲಿ ಶುರು ಮಾಡಿದ್ದರ ಪಟ್ಟಿ ಬೆಳೆಯುತ್ತದೆ. ಏನಾಯಿತು ಎಂಬ ಕಾಲಂ ಖಾಲಿ.

ಭಾನುವಾರ ಮಧ್ಯಾಹ್ನ ರಾಜಾಜಿನಗರ. ನಿಮಗೆ ಈ ಕೆಲಸ ಕಲಿಸಿದ ಮೊದಲ ಬಾಸ್ ಮನೆ. ಈಗ ದೊಡ್ಡ ಕಂಪನಿಯೊಂದರಲ್ಲಿ ಪ್ರಾಡಕ್ಟ್ ವಿಭಾಗದ ಮುಖ್ಯಸ್ಥೆ. ಮಾವಿನಕಾಯಿ ಚಿತ್ರಾನ್ನದ ತಟ್ಟೆ ಮುಂದಿಟ್ಟು, ಹಪ್ಪಳ ಕರಿಯುತ್ತಲೇ ಕೇಳುತ್ತಾರೆ: "ಆ ಆಫರ್ ವಿಷ್ಯ ಹೇಳು."

ಹೇಳುತ್ತೀರಿ. ಪ್ರಿನ್ಸಿಪಲ್, ಇಷ್ಟು ಸಂಬಳ, ಇಷ್ಟು ಷೇರು.

"ಅಲ್ಲಿ ಯಾವುದನ್ನ ನೀನು ನಿರ್ಧಾರ ಮಾಡ್ತೀಯ?"

"ಎಂಡ್ ಟು ಎಂಡ್ ಓನರ್‌ಶಿಪ್ ಅಂದ್ರು, ಮೇಡಂ."

"ಎಲ್ಲರೂ ಅದನ್ನೇ ಹೇಳೋದು. ಹಿಂದೆ ಆ ಸೀಟಲ್ಲಿ ಇದ್ದವರು ಹೆಡ್ ಆಫೀಸನ್ನ ಕೇಳದೆ ತಗೊಂಡ ಕೊನೇ ನಿರ್ಧಾರ ಯಾವ್ದು ಅಂತ ಕೇಳು. ಹತ್ತು ಸೆಕೆಂಡಲ್ಲಿ ಉತ್ತರ ಬಂದ್ರೆ ಹೋಗು. ಬರದೇ ಇದ್ರೂ ಹೋಗಬಹುದು, ಸಾಲ ಜಾಸ್ತಿ ಇದ್ರೆ. ಆದ್ರೆ ದುಡ್ಡಿಗೆ ಹೋಗ್ತಿದೀನಿ ಅಂತ ನಿನಗೆ ಗೊತ್ತಿರಬೇಕು."

ಈ ಮಾತು ನನಗೆ ಹಿಡಿಸುತ್ತದೆ. ಹೈಕ್ ಮುಖ್ಯವಲ್ಲ, ಕಲಿಕೆ ಮುಖ್ಯ ಎಂದು ವೇದಿಕೆಯ ಮೇಲೆ ಹೇಳುವವರಿಗೆ ಸಾಮಾನ್ಯವಾಗಿ ಗೃಹಸಾಲದ ಕಂತು ತೀರಿರುತ್ತದೆ. ನಿಮಗೆ ತೀರಿಲ್ಲ, ಮಗಳ ಸ್ಕೂಲ್ ಫೀಸು ಕಟ್ಟುವ ತಿಂಗಳು ಬೇರೆ. ಹಣದ ಲೆಕ್ಕವನ್ನು ಯೋಜನೆಯ ಹೊರಗಿಟ್ಟರೆ ಆ ಯೋಜನೆ ಮೊದಲ ಕಷ್ಟಕ್ಕೇ ಮುರಿಯುತ್ತದೆ.

ಮೇಡಂ ಒಂದು ಹಳೇ ಡೈರಿ ತರುತ್ತಾರೆ. ಪುಟವನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದ್ದಾರೆ. ಎಡಕ್ಕೆ ತಾನು ತೆಗೆದುಕೊಂಡ ನಿರ್ಧಾರಗಳು, ಬಲಕ್ಕೆ ಅದರ ಗತಿ. ಬಲಗಡೆ ಕೆಲವು ಕಡೆ 'ಫ್ಲಾಪ್' ಎಂದು ಕೆಂಪಿನಲ್ಲಿದೆ. ಕೆಲವು ಕಡೆ ಏನೂ ಇಲ್ಲ. "ಈ ಖಾಲಿ ಬಿಟ್ಟಿರೋದೆಲ್ಲ ನಾನು ಕಂಪನಿ ಬಿಟ್ಟ ಮೇಲಿನದು. ಇಲ್ಲಿ ನೋಡು, ಆ ಬೆಲೆ ಏರಿಕೆ ಸರಿ ಇತ್ತಾ ಇಲ್ವಾ ಅಂತ ಇವತ್ತಿಗೂ ಗೊತ್ತಿಲ್ಲ. ಇಂಟರ್‌ವ್ಯೂನಲ್ಲಿ ಮಾತ್ರ ಸರಿ ಇತ್ತು ಅಂತ ಹೇಳ್ತಾ ಬಂದೆ." ನಗುತ್ತಾರೆ.

ನೀವು ಎಐ ವಿಷಯ ತೆಗೆಯುತ್ತೀರಿ. ತಂಡದ ಕಿರಿಯ ಹುಡುಗ ರಾತ್ರಿ ಒಂದು ಐಡಿಯಾ ಹೇಳಿ ಬೆಳಿಗ್ಗೆ ಕೆಲಸ ಮಾಡುವ ಮಾದರಿಯನ್ನೇ ತಂದು ತೋರಿಸುತ್ತಾನೆ. ಪ್ರಾಡಕ್ಟ್ ಏನೇನು ಮಾಡಬೇಕು ಎಂದು ವಿವರಿಸಿ ನೀವು ಎರಡು ದಿನ ಕೂತು ಬರೆಯುತ್ತಿದ್ದ ಪಿಆರ್‌ಡಿಯನ್ನು ಯಂತ್ರ ಒಂದು ನಿಮಿಷದಲ್ಲಿ ಬರೆಯುತ್ತದೆ. ಮೊದಲೇ 2023ರ ಜೂನ್‌ನಲ್ಲಿ ಏರ್‌ಬಿಎನ್‌ಬಿಯ ಬ್ರಯನ್ ಚೆಸ್ಕಿ, ಫಿಗ್ಮಾ ಕಂಪನಿಯ ಸಮ್ಮೇಳನದಲ್ಲಿ, ನಮ್ಮಲ್ಲಿ ಹಳೇ ಮಾದರಿಯ ಪ್ರಾಡಕ್ಟ್ ಮ್ಯಾನೇಜರ್ ಕೆಲಸವನ್ನೇ ತೆಗೆದೆವು ಎಂದಾಗ ಸಭೆಯಲ್ಲಿದ್ದ ಡಿಸೈನರುಗಳು ಚಪ್ಪಾಳೆ ತಟ್ಟಿದ್ದರು. ನಿಜವಾಗಿ ಅಲ್ಲಿ ಆ ಕೆಲಸವನ್ನು ಮಾರುಕಟ್ಟೆಯ ಹೊಣೆಯ ಜೊತೆ ಬೆಸೆದಿದ್ದರು. ಆದರೂ ಆ ಚಪ್ಪಾಳೆ ಈ ವೃತ್ತಿಯವರ ಕಿವಿಯಿಂದ ಹೋಗಿಲ್ಲ.

"ಬರೆಯೋ ಕೆಲಸ ಹೋಗುತ್ತೆ, ಹೋಗ್ಲಿ," ಎನ್ನುತ್ತಾರೆ ಮೇಡಂ. "ನಾಲ್ಕು ಗಂಟೆಗೆ ಮಾರ್ಕೆಟ್ಟಿಗೆ ಹೋಗು ಅಂತ ನಿನಗೆ ಯಾರು ಹೇಳಿದ್ದು? ಆಮೇಲೆ ಒಂದು ಮಾತು. ನೀನು ಜನರನ್ನ ಚೆನ್ನಾಗಿ ಓದ್ತೀಯ. ದುಡ್ಡಿನ ಲೆಕ್ಕ ಅಂದ್ರೆ ಮೊದಲಿಂದಲೂ ತಪ್ಪಿಸ್ಕೊಳ್ತೀಯ. ಈ ಒಂಬತ್ ಗಂಟೆ ಕೆಲಸದಲ್ಲಿ ಅದು ತಪ್ಪಲ್ಲ."

ಸೋಮವಾರ ರಿಕ್ರೂಟರಿಗೆ ಫೋನ್ ಮಾಡಿ ಆ ಪ್ರಶ್ನೆ ಕೇಳುತ್ತೀರಿ. ಅವರು ತಂಡದ ಮುಖ್ಯಸ್ಥರನ್ನು ಕೇಳಿ ತಿಳಿಸುತ್ತೇನೆ ಎನ್ನುತ್ತಾರೆ. ಸಂಜೆ ಬಂದ ಉತ್ತರದ ಸಾರಾಂಶ: ರೋಡ್‌ಮ್ಯಾಪ್ ಹೆಡ್ ಆಫೀಸಿನಿಂದ ಬರುತ್ತದೆ, ಅದನ್ನು ಅತ್ಯುತ್ತಮವಾಗಿ ಜಾರಿಗೊಳಿಸುವ ಸಂಪೂರ್ಣ ಸ್ವಾತಂತ್ರ್ಯ ಇಲ್ಲಿಯವರದು. ಬೆಂಗಳೂರಿನಲ್ಲಿ ವಿದೇಶಿ ಕಂಪನಿಗಳ ಎಲ್ಲ ಕೇಂದ್ರಗಳೂ ಹೀಗಿಲ್ಲ. ಇಡೀ ಪ್ರಾಡಕ್ಟನ್ನೇ ಇಲ್ಲಿಂದ ನಡೆಸುವವರೂ ಇದ್ದಾರೆ. ಇದು ಹಾಗಿರಲಿಲ್ಲ. ನೀವು ಬಾಗಿಲು ಮುಚ್ಚದೆ, ಆರು ತಿಂಗಳ ನಂತರ ಮಾತಾಡೋಣ ಎನ್ನುತ್ತೀರಿ.

ಅಂದೇ ರಾತ್ರಿ ಫಾರ್ಮಿನ ಕೊನೆಯ ಪ್ರಶ್ನೆಗೆ ಉತ್ತರ ಬರೆಯುತ್ತೀರಿ. ಒಂದು ಪುಟ ದಾಟುವುದಿಲ್ಲ. ತರಕಾರಿ, ಹೂವು, ಹಾಲಿನ ವ್ಯಾಪಾರಿಗಳಿಗೆ ಬೆಳಗಿನ ಜಾವ ಮೂರೂವರೆಗೆ ಮುನ್ನ ದುಡ್ಡು ತಲುಪಬೇಕೇ, ಅದಕ್ಕೆ ಶುಲ್ಕ ಹಾಕಬೇಕೇ, ನಷ್ಟವಾದರೆ ಎಷ್ಟರವರೆಗೆ ತಡೆಯಬೇಕು ಎಂಬ ನಿರ್ಧಾರ ನನ್ನದಾಗಬೇಕು ಎಂದು ಮೊದಲ ಸಾಲು. ಅದಕ್ಕೆ ನನಗೆ ತಿಳಿಯದಿರುವುದು ಏನೇನು ಎಂದು ಮುಂದೆ. ದಿನದ ವಹಿವಾಟನ್ನು ನಮ್ಮ ಲೆಕ್ಕ, ಬ್ಯಾಂಕಿನ ಫೈಲು, ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ಫೈಲು ಮೂರನ್ನೂ ಇಟ್ಟು ತಾಳೆ ನೋಡುವ ರಿಕನ್ಸಿಲಿಯೇಷನ್ ಹೇಗೆ ನಡೆಯುತ್ತದೆ, ಮೋಸದ ವಹಿವಾಟನ್ನು ರಿಸ್ಕ್ ತಂಡ ಎಲ್ಲಿ ತಡೆಹಿಡಿಯುತ್ತದೆ, ಬ್ಯಾಂಕಿನ ಜೊತೆಗಿನ ಒಪ್ಪಂದದಲ್ಲಿ ಪ್ರತಿ ಫೈಲಿಗೆ ಖರ್ಚೆಷ್ಟು. ಫೈನಾನ್ಸ್ ಮುಖ್ಯಸ್ಥರೂ ರಿಸ್ಕ್ ಮುಖ್ಯಸ್ಥರೂ ನನ್ನ ಮಾತನ್ನು ನಂಬುವಂತಾಗಬೇಕು ಎಂದೂ ಬರೆಯುತ್ತೀರಿ. ಹೀಗೆ ಹೆಸರು ಹಿಡಿದು ಬರೆಯುವುದು ಮುಜುಗರ, ಆದರೂ ಬರೆಯುತ್ತೀರಿ. ಯಾವ ಮೀಟಿಂಗುಗಳನ್ನು ಆ ಕಿರಿಯ ಹುಡುಗನಿಗೆ ಬಿಟ್ಟುಕೊಡುತ್ತೀರಿ ಎಂಬುದು ಬರೆಯಲು ಎಲ್ಲಕ್ಕಿಂತ ಕಷ್ಟವಾದ ಸಾಲು. ಬಟನ್ನಿನ ಬಣ್ಣವೂ ಅವನಿಗೇ ಹೋಗುತ್ತದೆ. ಕೊನೆಗೆ ಸಂಬಳ, ನೇರವಾಗಿ, ಎಷ್ಟು ಮತ್ತು ಯಾವಾಗ ಎಂದು.

ಮಂಗಳವಾರ ಹನ್ನೊಂದಕ್ಕೆ ಮ್ಯಾನೇಜರ್ ಜೊತೆ ಒನ್-ಆನ್-ಒನ್. ರೂಮಿನ ಹೆಸರು ಶರಾವತಿ. ಇಂಟೆಲ್‌ನ ಆ್ಯಂಡಿ ಗ್ರೋವ್ 1983ರಲ್ಲೇ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದ: ಈ ಭೇಟಿ ಕೈಕೆಳಗಿನವರದು, ಏನು ಮಾತಾಡಬೇಕೆಂದು ಅವರೇ ತೀರ್ಮಾನಿಸಬೇಕು. ನೀವು ಇಷ್ಟು ದಿನ ಆ ಅರ್ಧ ಗಂಟೆಯನ್ನು ಯಾವ ಟಿಕೆಟ್ ಎಲ್ಲಿ ನಿಂತಿದೆ ಎಂದು ಒಪ್ಪಿಸಲು ಬಳಸುತ್ತಿದ್ದಿರಿ. ಇವತ್ತು ಆ ಒಂದು ಪುಟವನ್ನು ಮೇಜಿನ ಮೇಲಿಡುತ್ತೀರಿ.

ಅವರು ನಿಧಾನಕ್ಕೆ ಓದುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಅವರಿಗೂ ಮೇಲೊಬ್ಬರು ಇದ್ದಾರೆ.

"ಇದರ ರಿಸಲ್ಟ್ ಬರೋದು ಡಿಸೆಂಬರಿಗೆ. ಅಕ್ಟೋಬರ್ ಪ್ರಮೋಷನ್ ಸೈಕಲ್ಲಿಗೆ ತೋರಿಸೋಕೆ ನಿಮ್ಮ ಹತ್ರ ಏನೂ ಇರಲ್ಲ."

"ಗೊತ್ತು."

"ಸೆಟಲ್‌ಮೆಂಟ್ ನಮ್ಮ ಟೀಮಿನದ್ದೂ ಅಲ್ಲ."

"ಯಾರದು ಅಂತ ಹುಡುಕಿದೆ. ಫೈನಾನ್ಸ್ ಅವರು ಪ್ರಾಡಕ್ಟಿನದು ಅಂತಾರೆ. ಬರೆದಿಟ್ಟವರು 2020ರಲ್ಲೇ ಕಂಪನಿ ಬಿಟ್ಟಿದಾರೆ."

ಅವರು ನಗುವುದಿಲ್ಲ, ಪೆನ್ನು ತಿರುಗಿಸುತ್ತಾರೆ. ಇಡೀ ದೇಶಕ್ಕೆ ಮಾತೇ ಬೇಡ, ಬೆಂಗಳೂರಿನ ಒಂದಿಷ್ಟು ತರಕಾರಿ ಅಂಗಡಿಗಳಿಗೆ ಮಾತ್ರ ಮೂರು ತಿಂಗಳು ಮಾಡಿ ನೋಡಿ ಎನ್ನುತ್ತಾರೆ. ಶುಲ್ಕದ ತೀರ್ಮಾನ ನಿಮಗೇ ಬಿಡಲು ಒಪ್ಪುವುದಿಲ್ಲ. ನೀವು ಪ್ರಸ್ತಾಪ ಮಾಡಬೇಕು, ಅವರೂ ಫೈನಾನ್ಸ್‌ನವರೂ ನೋಡಬೇಕು. ನಷ್ಟದ ಮಿತಿ ಮಾತ್ರ ನಿಮ್ಮ ಕೈಗೆ, ಒಂದು ಮೊತ್ತದವರೆಗೆ. ಕೇಳಿದ್ದರಲ್ಲಿ ಅರ್ಧ ಸಿಕ್ಕಿತು. ಸಂಬಳದ ಸಾಲಿಗೆ ಬಂದಾಗ ಬ್ಯಾಂಡು, ಬಜೆಟ್ಟು ಎಂದು ಸುತ್ತುತ್ತಾರೆ. ನೀವು ಸುಮ್ಮನೆ ಕೂರುತ್ತೀರಿ. ಕೊನೆಗೆ, ಪ್ರಮೋಷನ್ ಸೈಕಲ್ ಬಿಟ್ಟು ಜನವರಿಯಲ್ಲಿ ಪ್ರತ್ಯೇಕವಾಗಿ ನೋಡೋಣ ಎನ್ನುತ್ತಾರೆ. ಅದನ್ನು ಮೇಲ್‌ನಲ್ಲಿ ಹಾಕ್ತೀರಾ ಎಂದು ಕೇಳುತ್ತೀರಿ. ಹುಬ್ಬೇರಿಸಿ, ಹಾಕುತ್ತೇನೆ ಎನ್ನುತ್ತಾರೆ.

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಫೈನಾನ್ಸ್ ಅವರನ್ನ ನಾನು ಒಪ್ಪಿಸಿಕೊಡಲ್ಲ, ನೀವೇ ಮಾಡ್ಕೋಬೇಕು. ಪ್ರಾಡಕ್ಟ್‌ನವರು ಅಂದ್ರೆ ಅವರಿಗೆ ಆಗಲ್ಲ" ಎನ್ನುತ್ತಾರೆ.

ಸೀಟಿಗೆ ಬಂದು ರಿಕನ್ಸಿಲಿಯೇಷನ್ ತಂಡದ ಹಿರಿಯರಿಗೆ ಮೆಸೇಜ್ ಹಾಕುತ್ತೀರಿ. ಸರ್, ನಿಮ್ಮ ಕೆಲಸ ಹೇಗೆ ನಡೆಯುತ್ತೆ ಅಂತ ಒಂದೆರಡು ದಿನ ಪಕ್ಕದಲ್ಲಿ ಕೂತು ನೋಡಬಹುದಾ? ಊಟದ ಹೊತ್ತು ದಾಟಿದ ಮೇಲೆ ಉತ್ತರ ಬರುತ್ತದೆ.

"ಹಗಲು ಬಂದ್ರೆ ಏನೂ ಕಾಣಲ್ಲ. ಬ್ಯಾಂಕ್ ಫೈಲ್ ಇಳಿಯೋದು ರಾತ್ರಿ ಹನ್ನೊಂದೂವರೆ ಮೇಲೆ. ಗುರುವಾರ ಬನ್ನಿ, ಅವತ್ತು ನಮ್ಮಲ್ಲಿ ಒಬ್ರು ರಜೆ, ಕೈಗೊಂದು ಜನ ಬೇಕು. ಎಕ್ಸೆಲ್ ಬರುತ್ತಲ್ವಾ?"